ಬಡಿಸುವವಳ ಪಾಳಿ

ವಿರಾಮದ ಸೀಟಿ ಊದಿದಾಗ ಇಂಡಿಯವರದು ಹದಿನೇಳು, ಸಿಂದಗಿಯವರದು ಹತ್ತು. ಆ ಹತ್ತೂ ಸುನೀತಾ ಒಬ್ಬಳೇ ಹಾಕಿದ್ದು. ಬಸವನ ಬಾಗೇವಾಡಿಯ ಮೈದಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಸಿಂದಗಿ ಹುಡುಗಿಯರ ಡ್ರಿಲ್ ಮಾಸ್ತರ ಮಡಿವಾಳಪ್ಪ ಕೊರಳಲ್ಲಿದ್ದ ಸೀಟಿಯ ತುದಿಯನ್ನು ಕಚ್ಚುತ್ತ ನಿಂತಿದ್ದ.

ಪಾಪ, ಕಚ್ಚದೆ ಏನು ಮಾಡಿಯಾನು? ನಾಲ್ಕು ವರ್ಷ ಜಿಲ್ಲಾ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಬಂದು, ನಾಲ್ಕೂ ವರ್ಷ ಮೊದಲ ಆಟದಲ್ಲೇ ಸೋತು, ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋದ ತಂಡ ಇದು. ಈ ಸಲ ಹೊರಡುವಾಗ ಹೆಡ್‌ಮಾಸ್ತರು ಕಡ್ಡಿ ಮುರಿದಂತೆ ಹೇಳಿದ್ದರು: "ಈ ವರ್ಷಾನೂ ಸೋತ್ರ ಹುಡಿಗ್ಯಾರ ಟೀಮು ಸಾಕು ಮಾಡೂಣ್ರಿ ಮಾಸ್ತರ. ಖೋಖೋ ಒಂದಽ ಇರ್ಲಿ." ಸಾಲಿ ಹಿಂದಿನ ಕಲ್ಲು ನೆಲವನ್ನು ಇದೇ ಹುಡುಗಿಯರ ಜೊತೆ ಒಂದೊಂದೇ ಕಲ್ಲು ಆರಿಸಿ ಅಂಕಣ ಮಾಡಿದ್ದ ಮಡಿವಾಳಪ್ಪನಿಗೆ ಆ ಮಾತು ಇನ್ನೂ ಜೀರ್ಣವಾಗಿರಲಿಲ್ಲ.

ಅವನು ಕಲಿಸಿದ್ದ ಆಟ ಒಂದೇ. ಚೆಂಡು ಸಿಕ್ಕೊಡನೆ ಸುನೀತಾಳಿಗೆ ಕೊಡಬೇಕು, ಆಕೆ ಹಾಕುತ್ತಾಳೆ. ಹತ್ತನೇ ಇಯತ್ತೆಯ ನೀಳ ಹುಡುಗಿ ಅವಳು. ದಾರಿ ಬಿಟ್ಟ ಕುರಿಯ ಮುಂದೆ ದೂರದಿಂದಲೇ ಕಲ್ಲು ಬೀಳಿಸಿ ತಿರುಗಿಸಿದ ಕೈ, ಗುರಿ ತಪ್ಪುವುದೆಂದರೇನು? ಆದರೆ ಇಂಡಿಯವರೇನು ದಡ್ಡರೇ! ಐದೇ ನಿಮಿಷದಲ್ಲಿ ತಿಳಿದುಕೊಂಡು ಮೂರು ಹುಡುಗಿಯರನ್ನು ಅವಳ ಸುತ್ತ ನಿಲ್ಲಿಸಿಬಿಟ್ಟಿದ್ದರು.

"ಉಳಿದ ನಾಲ್ಕು ಮಂದೀಗೆ ಕೈ ಇಲ್ಲೇನು?" ಮಡಿವಾಳಪ್ಪ ಒದರಿದ. "ಮೆಹರಾಜ, ರಿಂಗಿನ ಬುಡಕಽ ನಿಂತಿದ್ದೆಲ್ಲ, ಚೆಂಡು ಕೈಯಾಗ ಇತ್ತು. ಯಾಕ ಹಾಕ್ಲಿಲ್ಲ?"

ಎಂಟನೇ ಇಯತ್ತೆಯ ಮೆಹರಾಜ ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ. ಸುನೀತಾಳತ್ತ ಕಣ್ಣು ಹಾಯಿಸಿ ಹೇಳಿದಳು: "ಅಕ್ಕ ಇರೂಮುಂದ ನಾ ಹ್ಯಾಂಗ ಹಾಕ್ಲಿರಿ ಸರ?"

ಮಾಸ್ತರ ಹಣೆ ಹಣೆ ಬಡಿದುಕೊಂಡ.

ಹೊಲಿಗೆ ಟೀಚರ್ ಇಂದುಬಾಯಿ ಬೇವಿನ ನೆರಳಲ್ಲಿ ಕೂತಿದ್ದಳು. ಹುಡುಗಿಯರ ಜೊತೆ ಒಬ್ಬರು ಬಾಯಾರು ಬರಲೇಬೇಕೆಂಬ ನಿಯಮಕ್ಕೆ ಬಂದವಳು. ಆಟದ ಗಂಧಗಾಳಿ ಇಲ್ಲ. "ಸಿಟ್ಟಿಗೇಳಬ್ಯಾಡ್ರಿ ಮಾಸ್ತರ," ಅಂದಳು. "ಮುಂಜಾನೆ ನಾಷ್ಟಾಕ್ಕೂ ಹಿಂಗಽ ಮಾಡಿದ್ರು. ಸುನೀತಾ ತುತ್ತು ಎತ್ತೂತನಕ ಒಬ್ಬಾಕೀನೂ ರೊಟ್ಟಿ ಮುರೀಲಿಲ್ಲ. ಹಿರ್ಯಾಕಿ ಮೊದಲು ಉಣಬೇಕಂತ ಮನ್ಯಾಗ ಕಲಸ್ಯಾರ. ಇವರರೆ ಏನ್ ಮಾಡ್ತಾರ?"

"ರೊಟ್ಟಿಗೂ ಚೆಂಡಿಗೂ ಎಲ್ಲೀ ಸಂಬಂಧರಿ ಬಾಯಾರ?"

ಇಂದುಬಾಯಿ ಎದ್ದು ಬಂದು ತನ್ನ ಕರವಸ್ತ್ರವನ್ನು ಸುನೀತಾಳ ಸೊಂಟಕ್ಕೆ, ಸೆರಗು ಸಿಗಿಸಿದ ಹಾಗೆ, ಸಿಗಿಸಿದಳು. "ಈಗ ನೀ ಉಣ್ಣಾಕಿ ಅಲ್ಲವಾ, ಬಡಸಾಕಿ. ಬಡಸಾಕಿ ಯಾವಾಗ ಉಣತಾಳ?"

"ಎಲ್ಲಾರದೂ ಆದಮ್ಯಾಲ್ರಿ."

"ಮೆಹರಾಜ, ಬಡಸಿದ್ದನ್ನ ವಾಪಸ್ ಕೊಟ್ರ?"

"ಬಡಸಿದಾಕಿಗಿ ಅವಮಾನ ಆಗತೈತ್ರಿ."

"ತಿಳೀತಲ್ಲ? ನಡೀರಿ."

ಮಡಿವಾಳಪ್ಪ ಬೆಚ್ಚಿ ಒಂದು ಹೆಜ್ಜೆ ಮುಂದೆ ಬಂದ. ಗಳಿಸಿದ ಹತ್ತೂ ಸುನೀತಾಳವು. ಅವಳ ಕೈಯನ್ನೇ ಕಟ್ಟಿದರೆ ಮುಗಿದೇ ಹೋಯಿತಲ್ಲ! ಬೇಡ ಅನ್ನಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ರೆಫ್ರಿ ಸೀಟಿ ಊದಿದ.

ಸುನೀತಾಳಿಗೆ ಚೆಂಡು ಬಂತು, ಮೂವರು ಮುತ್ತಿದರು. ಅವಳು ಪಕ್ಕಕ್ಕೆ ಚನ್ನವ್ವನಿಗೆ ದಾಟಿಸಿದಳು. ಚನ್ನವ್ವ ಎಸೆದದ್ದು ಹಲಗೆಗೆ ಬಡಿದು ಹೊರಗೆ ಹೋಯಿತು. ಎರಡನೆಯದೂ ಹಾಗೇ. ಮಡಿವಾಳಪ್ಪ ಕಣ್ಣು ಮುಚ್ಚಿಕೊಂಡ. ಮೂರನೆಯದಕ್ಕೆ ಜನ ಹೋ ಎಂದಾಗ ಕಣ್ಣು ತೆರೆದರೆ ಚನ್ನವ್ವ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಸುಗ್ರಾ ಹಾಕಿದಳು, ವಿದ್ಯಾವತಿ ಹಾಕಿದಳು, ಮತ್ತೆ ಚನ್ನವ್ವ, ಮತ್ತೆ ಸುಗ್ರಾ, ಮತ್ತೆ ವಿದ್ಯಾವತಿ. ಇಂಡಿಯವರಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯದಾಯಿತು. ಸುನೀತಾಳ ಸುತ್ತಿನ ಬೇಲಿ ಕಿತ್ತು ನಾಲ್ಕೂ ಕಡೆ ಓಡಿದರು.

ಇನ್ನು ಅರ್ಧ ನಿಮಿಷ. ಇಂಡಿ ಇಪ್ಪತ್ಮೂರು, ಸಿಂದಗಿ ಇಪ್ಪತ್ತೆರಡು. ಚೆಂಡು ಸುನೀತಾಳ ಕೈಯಲ್ಲಿ, ರಿಂಗು ಅವಳ ತಲೆಯ ಮೇಲೆ, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

"ಹಾಕಽ! ನೀನಽ ಹಾಕವಾ!" ಮಡಿವಾಳಪ್ಪ ಗಂಟಲು ಹರಿಯುವ ಹಾಗೆ ಕೂಗಿದ.

ಸುನೀತಾ ರಿಂಗನ್ನು ಒಮ್ಮೆ ನೋಡಿದಳು. ತಿರುಗಿ ಎಡಕ್ಕೆ ನಿಂತಿದ್ದ ಮೆಹರಾಜಳ ಕೈಗೆ ಚೆಂಡು ಇಟ್ಟುಬಿಟ್ಟಳು. ಅಯ್ಯೋ ದೇವರೇ! ಮಡಿವಾಳಪ್ಪ ತಲೆಯ ಮೇಲೆ ಕೈ ಹೊತ್ತ. ಮೆಹರಾಜ ಅಕ್ಕನ ಮುಖ ನೋಡಿದಳು, ವಾಪಸ್ ಕೊಡಲಿಲ್ಲ. ಎರಡೂ ಕೈ ಕೂಡಿಸಿ ಬುಡದಿಂದ ಮೇಲಕ್ಕೆ ತೂರಿದಳು. ಚೆಂಡು ಕಬ್ಬಿಣದ ಅಂಚಿಗೆ ಕೂತು ಒಂದು ಸುತ್ತು ಸುತ್ತಿ, ಇನ್ನೇನು ಹೊರಗೆ ಅನ್ನುವಾಗ ಒಳಗೆ ಬಿತ್ತು. ಇಂಡಿಯವರು ಮತ್ತೊಂದು ಎಸೆತಕ್ಕೆ ಸುಧಾರಿಸಿಕೊಳ್ಳುವುದರೊಳಗೆ ಸೀಟಿಯಾಯಿತು.

ಮಡಿವಾಳಪ್ಪ ಅಲ್ಲೇ ನೆಲಕ್ಕೆ ಕೂತ. ಖುಷಿಗೆ ಕಣ್ಣು ತುಂಬಿದ್ದವು, ಒರೆಸಿಕೊಳ್ಳಲೂ ನಾಚಿಕೆಯಾಗಲಿಲ್ಲ. "ಬಾಯಾರ," ಅಂದ, "ನಾ ಅಷ್ಟು ಒದರಿದ್ದು ಆಕೀಗೆ ಕೇಳಿಸ್ಲಿಲ್ಲೇನ್ರಿ?"

"ಕೇಳಿಸಿರ್ತೈತ್ರಿ. ಆದ್ರ ಇನ್ನೂ ಒಬ್ಬಾಕೀದು ಆಗಿರ್ಲಿಲ್ಲಲ್ಲ."

ಅತ್ತ ಸುನೀತಾ ಮೆಹರಾಜಳನ್ನು ಹೆಗಲ ಮೇಲೆ ಎತ್ತಿಕೊಂಡು ರಿಂಗಿನ ಕೆಳಗೆ ನಿಂತಿದ್ದಳು. ಮೆಹರಾಜ ಅಂಜುತ್ತ ಒಂದು ಬೆರಳಿನಿಂದ ಕಬ್ಬಿಣ ಮುಟ್ಟಿದಳು.

"ಯವ್ವಾ, ಕಾಯ್ದೈತಿ!" ಎಂದು ಕೈ ಎಳೆದುಕೊಂಡು ನಕ್ಕಳು. ಆಮೇಲೆ ಬೆರಳಿಗೆ ಉಫ್ ಎಂದು ಊದಿಕೊಂಡು, ಮತ್ತೆ ಕೈ ಚಾಚಿದಳು.