ತಾರವ್ವನ ಲಿಂಬಿಗಿಡ

ಕುಡಚಿಯಿಂದ ರಾಯಬಾಗದ ಕಡೆ ಹೊರಟರೆ ಎಡಕ್ಕೊಂದು ಹಳೆಯ ಕಲ್ಲಿನ ಖಣಿ. ಅದರ ಆಳ ಅಳೆಯಲು ಇಳಿದ ಹಗ್ಗಗಳೆಲ್ಲ ನಾಚಿಕೊಂಡು ಮೇಲೆ ಬಂದಿವೆ. ಅಲ್ಲಿ ನಿಂತ ನೀರಿನಲ್ಲಿ ಜನ್ನತಬಿ ಮೀನು ಸಾಕಿದ್ದಳು. ಎಂಥ ಮೀನು! ಸಣ್ಣ ಮೀನುಗಳನ್ನು ನುಂಗಿ ನುಂಗಿ ಬೆಳೆದ ಅವಳ ಮರಲ ಮೀನು ಒಮ್ಮೆ ಆಕಳಿಸಿದರೆ, ಅಥಣಿಯ ಹೆಂಗಸರು ಗುಡುಗಿತೆಂದು ಒಣಹಾಕಿದ ಮೆಣಸಿನಕಾಯಿ ಒಳಗೆ ತರುತ್ತಿದ್ದರು. ಇದರಲ್ಲಿ ಅರ್ಧ ಜನ್ನತಬಿಯೇ ಹೇಳಿದ್ದು. ಉಳಿದರ್ಧ, ಹೇಳಲು ಅವಳಿಗೂ ನಾಚಿಕೆಯಾದದ್ದು.

ಪ್ರತಿ ರವಿವಾರ ಬಲೆಗೆ ಬಿದ್ದ ದೊಡ್ಡ ಮರಲವನ್ನು ಅವಳು ಎರಡು ಪಾಲು ಮಾಡುತ್ತಿದ್ದಳು. ತಲೆಯ ಪಾಲು ಮಗಳು ಮಸರತಳಿಗೆ. ಅವಳು ಬಸುರಾದ ಮೂರನೇ ತಿಂಗಳಿಗೇ ತವರಿಗೆ ಬಂದು ಕೂತಿದ್ದಳು, ಈಗ ಏಳು ತುಂಬಿತ್ತು. ಬಾಲದ ಪಾಲಿಗೆ ಅರಿಸಿನ ಹಚ್ಚಿ, ಬೋಗೋಣಿಯಲ್ಲಿಟ್ಟು ಪಕ್ಕದ ಮನೆಯ ತಾರವ್ವನಿಗೆ. ಮೂವತ್ತು ವರ್ಷದ ಗೆಳೆತನ. ಕೃಷ್ಣೆ ದಿಕ್ಕು ಬದಲಿಸಿದರೂ ಬೋಗೋಣಿ ದಾರಿ ಬದಲಿಸುತ್ತಿರಲಿಲ್ಲ. ತಾರವ್ವನೂ ಅದನ್ನು ಖಾಲಿ ಮರಳಿಸಿದವಳಲ್ಲ. ಸೋಮವಾರ ಅದು ಹಿತ್ತಲಿನ ಲಿಂಬಿಹಣ್ಣು ತುಂಬಿಕೊಂಡು ಬರುತ್ತಿತ್ತು.

"ಉಂಡ ಕೈ ತೊಳಕೊಂಡಿಲ್ಲ ನೋಡ ಜನ್ನತಾ, ನಿನ್ನ ಮೀನಿನ ವಾಸನಿ ಹೋದೀತಂತ."

"ತೊಳಕೋ ಬೇ, ಚಿಂಚಲಿತನಕಾ ಬೆಕ್ಕು ಬೆನ್ನಹತ್ತ್ಯಾವು!"

ಎರಡು ವರ್ಷದಿಂದ ಆ ಲಿಂಬಿಗಿಡಕ್ಕೆ ಹುಚ್ಚು ಹಿಡಿದಿತ್ತು. ಎಲೆಗೆ ಜಾಗವಿಲ್ಲದಷ್ಟು ಕಾಯಿ.

"ಏನ್ ಗೊಬ್ಬರಾ ಹಾಕ್ತಿ ತಾರಾ?"

"ಎಲ್ಲಾ ನಿಂದ ಪುಣ್ಯಾ."

ಒಂದು ಮಂಗಳವಾರ ಬೆಳಿಗ್ಗೆ ಬಿಳಿ ಜೀಪು ಬಂತು. ಇಳಿದವರ ಕೈಯಲ್ಲಿ ಹಳದಿ ಡಬ್ಬಿ. ಖಣಿಯ ದಂಡೆಗೆ ಹಿಡಿದದ್ದೇ ತಡ, ಸಾವಿರ ಮಿಡತೆಗಳನ್ನು ಒಂದೇ ಬಾಣಲೆಯಲ್ಲಿ ಹುರಿದಂತೆ ಅದು ಚಟಪಟ ಶುರುಮಾಡಿತು. ಅವರ ಮುಂದಾಳು ರೂಪಾಲಿ ಎಂಬ ಅಧಿಕಾರಿ ಹೇಳಿದಳು: ತಾರವ್ವನ ಗಂಡ, ಗುಜರಿ ವ್ಯಾಪಾರದ ಜಕ್ಕಪ್ಪ ಕಳಿಸಿದ ಲಾರಿ, ಗಡಿಯಾಚೆಯ ಕಾರ್ಖಾನೆಯ ಬಾಗಿಲಲ್ಲಿ ಕಳೆದ ವಾರ ತಪಾಸಣೆಯ ಯಂತ್ರವನ್ನು ಕಿರುಚಿಸಿತ್ತು. ಲಾರಿಯಲ್ಲಿದ್ದದ್ದು, ಮುಚ್ಚಿಹೋದ ಯಾವುದೋ ಕಾಗದದ ಮಿಲ್ಲಿನ ಒಡೆದ ಕಬ್ಬಿಣದ ಪೆಟ್ಟಿಗೆ. ಸೀಸದಾಸೆಗೆ ಅದನ್ನು ಒಡೆದ ಜಕ್ಕಪ್ಪ ಒಳಗಿದ್ದ, ಬಿರುಕುಬಿಟ್ಟ ಹೆಬ್ಬೆರಳುದ್ದದ ಉಕ್ಕಿನ ತುಂಡನ್ನು ಎರಡು ವರ್ಷದ ಹಿಂದೆ ಈ ನೀರಿಗೆಸೆದಿದ್ದ. ಅದರಲ್ಲಿದ್ದದ್ದು ವಿಕಿರಣದ ವಿಷ; ಹಳದಿ ಡಬ್ಬಿ ಚಟಪಟಿಸಿದ್ದು ಅದಕ್ಕೇ.

"ಸಣ್ಣ ಮೀನಿನ ಮೈಯಲ್ಲಿ ಸ್ವಲ್ಪ ಸೇರುತ್ತೆ," ಎಂದಳು ರೂಪಾಲಿ. "ಅದನ್ನು ತಿನ್ನೋ ದೊಡ್ಡ ಮೀನಿನಲ್ಲಿ ಇನ್ನೂ ಜಾಸ್ತಿ. ತಿಂದಷ್ಟೂ ಕೂಡ್ತಾ ಹೋಗುತ್ತೆ. ನಿಮ್ಮ ಮೀನು ತುಂಬಾ ದೊಡ್ಡವಂತಲ್ಲ?"

ಜನ್ನತಬಿ ಅಳತೆ ತೋರಿಸಲು ಎರಡೂ ಕೈ ಎತ್ತಿದಳು. ಸದಾ ಚಿಕ್ಕೋಡಿಗೊಂದು ನಿಪ್ಪಾಣಿಗೊಂದು ಚಾಚುತ್ತಿದ್ದ ಆ ಕೈಗಳು ಈಗ ಹತ್ತಿರ ಹತ್ತಿರ ಬಂದು, ಗೇಣಿಗಿಂತ ಕಿರಿದಾದವು.

"ಇಷ್ಟಿಷ್ಟ ಇದ್ದೂರಿ. ಜನಾ ಸುಮ್ನ ದೊಡ್ಡದ ಮಾಡಿ ಹೇಳ್ತಾರ."

ಮಸರತಳನ್ನು ಕುರ್ಚಿಯಲ್ಲಿ ಕೂರಿಸಿ ಡಬ್ಬಿ ಹಿಡಿದರು. ಅದು ಸುಮ್ಮನಿರಲಿಲ್ಲ. ಮಿರಜದ ಆಸ್ಪತ್ರೆಯಲ್ಲಿ ತಪಾಸಣೆಯಾಗಬೇಕು, ಹೊಟ್ಟೆಯ ಕೂಸಿನ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು.

ಜನ್ನತಬಿಗೆ ಆಗ ನೆನಪಾಯಿತು. ಎದೆ ಬಡಿದುಕೊಂಡು ರೂಪಾಲಿಯ ಕೈ ಹಿಡಿದೆಳೆದಳು.

"ನಮ್ಮ ತಾರಾಗೂ ತಿನಿಸೀನ್ರಿ! ನನ್ನ ಕೈಯಾರೆ ಕೊಟ್ಟೀನ್ರಿ! ಆಕಿನ್ನ ನೋಡ್ರಿ ಮೊದಲ."

ತಾರವ್ವನ ಮುಂದೆ ಡಬ್ಬಿ ಸುಮ್ಮನಿತ್ತು. ಜಕ್ಕಪ್ಪನ ಮುಂದೆಯೂ ಸುಮ್ಮನಿತ್ತು. ಜನ್ನತಬಿ ಪೀರನ ಹೆಸರು ಹೇಳಿ ನಿಟ್ಟುಸಿರು ಬಿಟ್ಟಳು. ಆ ಉಸಿರಿಗೆ ಬೀದಿಯ ಧೂಳೆಲ್ಲ ಎದ್ದಿತು. ರೂಪಾಲಿ ಹಿತ್ತಲಿಗೆ ಹೋದಳು. ಲಿಂಬಿಗಿಡದ ಬುಡದಲ್ಲಿ ಡಬ್ಬಿ ಬಾಯಿಬಿಟ್ಟಿತು.

ಅಗೆದರು. ಮೇಲೆ ಮೊನ್ನೆಯ ರವಿವಾರದ ತುಂಡು, ಅರಿಸಿನ ಇನ್ನೂ ಮಾಸಿರಲಿಲ್ಲ. ಕೆಳಗೆ ಮುಳ್ಳು, ಅದರ ಕೆಳಗೂ ಮುಳ್ಳು. ಎರಡು ವರ್ಷದ ರವಿವಾರಗಳು ಒಂದರ ಮೇಲೊಂದು ಮಲಗಿದ್ದವು.

"ಗೊತ್ತಿತ್ತೇನ ತಾರಾ?"

ತಾರವ್ವ ಗಂಡನ ಬಲಗೈ ನೋಡಿದಳು. ಎರಡು ವರ್ಷದ ಹಿಂದೆ ವೆಲ್ಡಿಂಗಿನಲ್ಲಿ ಸುಟ್ಟಿತೆಂದು ಊರಿಗೆಲ್ಲ ಹೇಳಿದ್ದ ಕೈ, ಎರಡು ಬೆರಳು ಕಪ್ಪಾಗಿ ಮುರುಟಿದ್ದವು.

"ವೆಲ್ಡಿಂಗ್ ಅಲ್ಲ ಜನ್ನತಾ. ಅದನ್ನ ಹಿಡದದ್ದಕ್ಕ ಆಗಿದ್ದು. ಆ ನೀರಿಂದು ಏನೂ ಬಾಯಾಗ ಇಡಬ್ಯಾಡ ಅಂದಿದ್ರು ಇವರು."

"ಮತ್ತ ಮೀನ ಯಾಕ ಇಸ್ಕೊಂಡಿ?"

"ಬ್ಯಾಡಂದಿದ್ರ, ಯಾಕಂತ ಕೇಳ್ತಿದ್ದಿ."

ಜನ್ನತಬಿ ಬೈದರೆ ಮುಗಳಖೋಡದ ಗೋಡೆಗಳು ಬಿರುಕು ಬಿಡುತ್ತವೆಂದು ಪ್ರತೀತಿ. ಅಂದು ಒಂದು ಗೋಡೆಯೂ ಅಲುಗಲಿಲ್ಲ. ಕಟ್ಟೆಯ ಮೇಲೆ ತಿಕ್ಕಿಟ್ಟ ಬೋಗೋಣಿ ಎತ್ತಿಕೊಂಡಳು. ರೂಢಿಗೆ ತಾರವ್ವನ ಕೈ ಗಿಡದತ್ತ ಹೋಗಿ ಎರಡು ಹಣ್ಣು ಕಿತ್ತಿತು. ಜನ್ನತಬಿ ಬೋಗೋಣಿಯನ್ನು ಎದೆಗವಚಿಕೊಂಡು ಖಾಲಿಯೇ ಒಯ್ದಳು.

ಹೊಸ್ತಿಲಲ್ಲಿ ಮಸರತ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು.

"ಅಮ್ಮಿ, ತಾರಾ ಮಾವಶಿ ಮೈಯಾಗೂ ಹಿಂಗ ಕೂಡೇತೇನ?"

ಜನ್ನತಬಿ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಕರೆದಾಗ ಓಡಿಬರುತ್ತಿದ್ದ ಆ ದೊಡ್ಡ ದೊಡ್ಡ ಮಾತು ಒಂದೂ ಬರಲಿಲ್ಲ.

"ಇಲ್ಲ ಬೇಟಿ," ಎಂದಳು. "ಆಕಿ ಆರಾಮ ಅದಾಳ."