ಬಾಗಿಲಲ್ಲಿ ನಿಲ್ಲುವವಳು

"ಅಕ್ಕಾ, ಸಾಹೇಬ್ರು ಓಡ್ತಿದಾರೆ!"

ಬಾಗಿಲಲ್ಲಿ ನಿಂತಿದ್ದ ತಂಗಿ ಕೂಗಿದಳು. ಒಳಗಿದ್ದ ಮೂವರು ಹೆಂಗಸರಿಗೆ ಕಾಣಲಿಲ್ಲ. ಕಲ್ಲುಗಣಿಗೆ ಹೋಗುವ ಸಿಡಿಮದ್ದನ್ನು ಕೊಳವೆಗೆ ತುಂಬುವವರು ಕೈಯಿಂದ ಕಣ್ಣು ತೆಗೆಯುವಂತಿಲ್ಲ.

ಅಕ್ಕ ಆ ಶೆಡ್ಡಿನ ಮೇಸ್ತ್ರಿ, ಇಪ್ಪತ್ತೆಂಟು ವರ್ಷದ ಹಳೆ ಕೈ. ಬೆಳಗ್ಗೆ ಮ್ಯಾನೇಜರ್ ಅವಳ ಮುಂದೆ ಒಂದು ಕಾಗದ ಇಟ್ಟಿದ್ದ. ನಾಲ್ವರ ಕೆಲಸಕ್ಕೆ ಮೂವರು ಸಾಕು ಎಂದು, ಮಾಲೀಕರು ಬರುವುದರೊಳಗೆ ಅವಳು ಸಹಿ ಹಾಕಬೇಕು.

"ಹೊರದೇಶದಲ್ಲಿ ನಲವತ್ತು ಜನರ ಕೆಲಸ ಇಬ್ಬರು ಮಾಡ್ತಾರೆ. ಇನ್ನೊಂದು ಕಡೆ ಸಂಬಳದ ಖರ್ಚು ತಾಳದೆ ಫ್ಯಾಕ್ಟರಿನೇ ಮುಚ್ಚಿದಾರೆ. ಇಲ್ಲಿ ನೋಡಿದ್ರೆ ಬಾಗಿಲಲ್ಲಿ ಸುಮ್ನೆ ನಿಲ್ಲೋರಿಗೂ ಸಂಬಳ!"

"ಆ ಇಬ್ಬರಿಗೆ ಮಷಿನ್ ಇದೆ ಸಾರ್. ನಮಗೇನು ಕೊಡ್ತೀರಿ, ಬೆನ್ನಿಗೆರಡು ಕಣ್ಣಾ?" ಎಂದು ಕೇಳಿ ಎದ್ದು ಬಂದಿದ್ದಳು. ಹೊರಗೆ ಅಪಾಯ ಕಂಡರೆ ಕೂಗಿ ಹೇಳಲು ಬಾಗಿಲಲ್ಲಿ ನಿಲ್ಲುವವಳು ಒಡಹುಟ್ಟಿದ ತಂಗಿ. ಸಹಿ ಬಿದ್ದರೆ ನಾಳೆಯಿಂದ ಅವಳು ಮನೆಯಲ್ಲಿ.

ಈಗ ಮಾಲೀಕರ ಕಾರು ಗೇಟಿಗೆ ಬಂದಿತ್ತು. ಸಹಿಯಿಲ್ಲದ ಕಾಗದ ಹಿಡಿದು ಮ್ಯಾನೇಜರ್ ಶೆಡ್ಡಿನ ಕಡೆಗೆ ಓಡುತ್ತಿದ್ದ. ಅವನು ಬಂದು ಮೂರೇ ತಿಂಗಳು. ಈ ಬೇಲಿಯೊಳಗೆ ಯಾರೂ ಓಡುವುದಿಲ್ಲ. ಓಡಿದರೆ ಎಲ್ಲೋ ಅನಾಹುತವೆಂದೇ ಲೆಕ್ಕ. ಕಂಡವರು ಗಂಟೆ ಬಾರಿಸಬೇಕು, ಎಲ್ಲರೂ ಕೆಲಸ ಬಿಟ್ಟು ಮಣ್ಣಿನ ದಿಬ್ಬದ ಹಿಂದೆ ಹೋಗಬೇಕು.

ಅವನ ಅವಸರ ಯಾಕೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆಯಿಂದ ನುಂಗಿಕೊಂಡಿದ್ದ ಸಿಟ್ಟು ನಗುವಾಗಿ ತುಟಿಗೆ ಬಂತು.

"ನೋಡ್ತಾ ನಿಂತ್ಯಾ? ಬಾರ್ಸೇ ಗಂಟೆ!"

ಹನ್ನೆರಡು ಶೆಡ್ಡುಗಳೂ ಖಾಲಿಯಾದವು. ಮ್ಯಾನೇಜರ್ ಏದುಸಿರು ಬಿಡುತ್ತ ದಿಬ್ಬದ ಹಿಂದೆ ಬಂದ.

"ಏನಮ್ಮ ಇದು! ಮಾಲೀಕರು ನೋಡ್ತಿದಾರೆ. ಬೇಗ ಸಹಿ ಹಾಕಿ ಕೆಲಸ ಶುರು ಮಾಡಿ."

"ಕೆಲಸ ಯಾಕೆ ನಿಲ್ತು ಅಂತ ಬರೀದೆ ಶುರು ಮಾಡೋ ಹಾಗಿಲ್ಲ ಸಾರ್. ನಿಮ್ಮ ಕಂಪನಿದೇ ರೂಲು. ಪೆನ್ನು ಕೊಡಿ."

ದಿಬ್ಬದ ಬದಿಯ ಗಂಟೆಯ ಕಂಬಕ್ಕೆ ಕಟ್ಟಿದ್ದ ದಾಖಲೆ ಪುಸ್ತಕ ಬಿಡಿಸಿ, ದಪ್ಪ ಅಕ್ಷರದಲ್ಲಿ ಬರೆದಳು: 'ಕಾರಣ: ಮ್ಯಾನೇಜರ್ ಓಡಿದರು. ಕಂಡವರು: ಬಾಗಿಲಲ್ಲಿ ನಿಲ್ಲುವವಳು. ಉಳಿದ ಮೂವರಿಗೆ ಕಾಣಲಿಲ್ಲ.' ಕೆಳಗೆ ತನ್ನ ಪೂರ್ತಿ ಹೆಸರಿನ ಸಹಿ ಹಾಕಿದಳು.

"ಇದೊಂದೇ ಸಹಿ ಸಾರ್, ಇವತ್ತಿಗೂ ನಾಳೆಗೂ."

ಮ್ಯಾನೇಜರ್ ಪುಸ್ತಕಕ್ಕೆ ಕೈ ಚಾಚಿದ. ಅಕ್ಕ ಅದನ್ನು ಕಂಕುಳಲ್ಲಿ ಅವುಚಿಕೊಂಡಳು. ಗೇಟಿನ ಕಡೆಯಿಂದ ಮಾಲೀಕರು ನಡೆದು ಬರುತ್ತಿದ್ದರು, ನಿಧಾನವಾಗಿ. ತಂಗಿ ಸೆರಗು ಸಿಕ್ಕಿಸಿಕೊಂಡು, ಹೋಗಿ ತನ್ನ ಬಾಗಿಲಲ್ಲಿ ನಿಂತಳು.