ಬೆನ್ನಿನ ಮಣ್ಣು

ಎಣ್ಣೆ ಕಡಿಮೆ ಬಿದ್ದಿದೆ ಈ ಮಣ್ಣಿಗೆ, ಬರೀ ಅರಿಸಿನದ ವಾಸನೆ, ಮಜ್ಜಿಗೆಯನ್ನಂತೂ ತೋರಿಸಿ ವಾಪಸ್ ಒಯ್ದ ಹಾಗಿದೆ, ನಾನು ಹಳಿಯಾಳದ ಈ ಗರಡಿಗೆ ಬಂದ ಹೊಸತರಲ್ಲಿ ಹೀಗೆ ಮಣ್ಣು ಹದ ಮಾಡಿದವನಿಗೆ ಅಂದಾನೆಪ್ಪ ವಸ್ತಾದರು ಐನೂರು ಬೈಠಕ್ ಹೊಡೆಸದೆ ಬಿಡುತ್ತಿರಲಿಲ್ಲ, ನನಗೆ ಕುಸ್ತಿ ಕಲಿಸಿದ ಆ ಮನುಷ್ಯ ಈಗ ಕಟ್ಟೆಯ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದಾರೆ, ಮಣ್ಣಿನ ಮೇಲೆ ಕಣ್ಣೇ ಇಲ್ಲ, ಕಣ್ಣೆಲ್ಲ ನನ್ನ ಮೇಲೆ — ಸಾಬೀರ, ಬಾಯಿ ಬಿಡಪಾ, ಎಷ್ಟೊತ್ತು ಹಿಂಗ ನಿಂದರತಿ. ನಿಲ್ಲುತ್ತೇನೆ, ನೂರಾ ಹನ್ನೆರಡು ಕಿಲೋದ ಮನುಷ್ಯ ನಿಲ್ಲುವುದಕ್ಕೂ ಬಾಯಿ ಬಿಡುವುದಕ್ಕೂ ಸ್ವಲ್ಪ ಹೊತ್ತು ಬೇಕು, ಅವರ ಪಕ್ಕದಲ್ಲಿ ಕುಸ್ತಿ ಕಮಿಟಿಯ ಮಹಾಬಳೇಶ್ವರ, ಮೊಣಕಾಲ ಮೇಲೆ ಒಂದು ನೋಟ್‌ಬುಕ್ಕು, ಪೆನ್ನಿನ ಟೋಪಿ ತೆಗೆದು ಆಗಲೇ ಹತ್ತು ನಿಮಿಷ, ಎದುರಿನ ಬೆಂಚಿನ ತುದಿಗೆ ಮುಂಡಗೋಡದ ಮೌನೇಶ, ಒಂಬತ್ತು ದಿನದ ಹಿಂದೆ ನನ್ನನ್ನು ಕೆಡವಿದವನು, ಬೆಳಗಿನ ಬಸ್ಸಿಗೆ ಬಂದಿದ್ದಾನೆ, ತಲೆ ಎತ್ತಿಲ್ಲ. ಕಮಿಟಿ ಕೇಳಿದ್ದು ಒಂದೇ ಮಾತು, ಕಣದ ಮಣ್ಣು ಹಿಡಿದು ಹೇಳ್ರಿ ಪೈಲ್ವಾನ್ರ, ನಿಮ್ಮ ಎರಡೂ ಹೆಗಲು ನೆಲಕ್ಕ ಹತ್ತಿದ್ವೋ ಇಲ್ಲೋ. ಹತ್ತಿಲ್ಲ ಅಂದರೆ ತಿಂಗಳೊಳಗೆ ಇದೇ ಕಣದಲ್ಲಿ ಮರುಕುಸ್ತಿ, ಹತ್ತಿದೆ ಅಂದರೆ ಬೆಳ್ಳಿ ಗದೆ ಮೌನೇಶನದು, ಬಿದ್ದವನು ಮುಂದಿನ ವರ್ಷದ ತನಕ ಕುಸ್ತಿಗೆ ಜೋಡಿ ಕೇಳುವ ಹಾಗಿಲ್ಲ, ನಮ್ಮ ಕಡೆ ಪದ್ಧತಿ ಅದು. ಮುಂದಿನ ವರ್ಷ ನನಗೆ ಮೂವತ್ತೆಂಟು, ಎಡ ಮೊಣಕಾಲು ಈಗಲೇ ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತದೆ, ಒಂದು ತಿಂಗಳಾದರೆ ಹೇಗೋ ಎಳೆದುಕೊಂಡು ಹೋಗಬಹುದು, ಒಂದು ವರ್ಷ ಸಾಧ್ಯವಿಲ್ಲ.

ಎಲ್ಲರ ಬಾಯಲ್ಲೂ ಉತ್ತರ ಸಿದ್ಧ, ನನ್ನೊಬ್ಬನನ್ನು ಬಿಟ್ಟು, ದಾಂಡೇಲಿಯಲ್ಲಿ ಕುಳಗಿ ರಸ್ತೆಗೆ ನನ್ನ ಗ್ಯಾರೇಜು, ಲಾರಿ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಿದ್ದರೆ ಅನಮೋಡ ದಾಟಿ ಗೋವಾಕ್ಕೆ ಹೋಗುವ ಡ್ರೈವರುಗಳೆಲ್ಲ ಬಗ್ಗಿ ಬಗ್ಗಿ ಮೊಬೈಲು ತೋರಿಸುತ್ತಾರೆ, ನೋಡ್ರಿ ಪೈಲ್ವಾನ್ರ, ನಿಮ್ಮ ಬಲ ಹೆಗಲು ಎಷ್ಟ ಮ್ಯಾಲೈತಿ, ಪಂಚಗ ಕಣ್ಣಿದ್ದಿಲ್ಲೇನ. ವಿಡಿಯೊದಲ್ಲಿ ಹೆಗಲು ಮೇಲೇ ಇದೆ, ಆಮೇಲೆ ತೀರ್ಪು ಕೊಡುವ ಪಂಚನ ಬಿಳಿ ಪೈಜಾಮ ಅಡ್ಡ ಬರುತ್ತದೆ, ಪೈಜಾಮ ಸರಿಯುವಷ್ಟರಲ್ಲಿ ಸೀಟಿ ಊದಿ ಮುಗಿದಿದೆ, ಇಡೀ ತಾಲೂಕು ನ್ಯಾಯ ಕೇಳುತ್ತಿರುವುದು ಆ ಒಂದು ಪೈಜಾಮದ ಹಿಂದೆ ಏನಾಯಿತು ಎಂದು. ಏನಾಯಿತು ಅಂದರೆ ನಾನು ಬಿದ್ದೆ. ಮೊದಲು ಎಡ ಹೆಗಲು, ಅದರ ಮೇಲೆ ಅವನ ಭಾರ, ಸೊಂಟ ತಿರುವಿ ಬೆನ್ನು ಕಮಾನಾಗಿ ಎತ್ತಿ ಸೇತುವೆ ಹಾಕೋಣ ಎಂದು ಮೊಣಕಾಲಿಗೆ ಹೇಳಿದೆ, ಮೊಣಕಾಲು ಕೇಳಲಿಲ್ಲ, ಬಲ ಹೆಗಲು ಮೆಲ್ಲಗೆ ಇಳಿದು ತಣ್ಣಗಿನ ಮಣ್ಣಿಗೆ ತಾಗಿತು, ಮೇಲೆ ಆಕಾಶ, ನಾಲ್ಕು ವರ್ಷ ಗದೆ ಹಿಡಿದವನು ಕಣದಲ್ಲಿ ಅಂಗಾತ ಬಿದ್ದು ಆಕಾಶ ನೋಡಿದ್ದು ಅದೇ ಮೊದಲು. ಚಿತ್. ಇದನ್ನು ಹೆಂಡತಿ ಇಶ್ರತಳಿಗೆ ಮಾತ್ರ ಹೇಳಿದೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, ಸೋತ್ರ ಸೋತೀರಿ, ಜಗತ್ತನ್ಯಾಗ ನೀವೊಬ್ಬರ ಸೋತೀರೇನ, ಹೋಗಿ ಖರೇ ಹೇಳಿ ಬರ್ರಿ. ಅವಳಿಗೆ ಸುಲಭ, ರೊಟ್ಟಿ ಹರಿದರೆ ಇನ್ನೊಂದು ತಟ್ಟುತ್ತಾಳೆ. ನನಗೆ ಇನ್ನೊಂದು ಸಲ ಬೇಕು, ಗದೆಗಲ್ಲ, ಗದೆ ಇಡಲು ಮನೆಯಲ್ಲಿ ಜಾಗವೂ ಇಲ್ಲ, ಕೊನೆಯ ಕುಸ್ತಿಯಲ್ಲಿ ಕಾಲ ಮೇಲೆ ನಿಂತು ಹೊರಗೆ ಬರಬೇಕು ಅಷ್ಟೆ, ಅದಕ್ಕೆ ಒಂದು ಮಾತು ಸಾಕು, ಹತ್ತಿಲ್ರಿ, ಮೂರೇ ಅಕ್ಷರ. ಒಂಬತ್ತು ದಿನ ನಾನು ಹತ್ತಿಲ್ಲ ಅಂದಿಲ್ಲ, ಹತ್ತಿತು ಎಂದೂ ಅಂದಿಲ್ಲ, ವಸ್ತಾದರು ಕಣಕ್ಕೆ ನುಗ್ಗಿ ಮೋಸ ಮೋಸ ಎಂದು ಕೂಗುವಾಗ ನೆಲ ನೋಡುತ್ತ ನಿಂತಿದ್ದೆ, ಎಪ್ಪತ್ತು ದಾಟಿದ ಮುದುಕ ನನ್ನ ಸಲುವಾಗಿ ಗಂಟಲು ಹರಿದುಕೊಳ್ಳುತ್ತಿದ್ದಾರೆ, ತಡೆಯುವುದು ಹೇಗೆ ಅಂದುಕೊಂಡೆ, ಅದು ಸಬೂಬು, ತಡೆಯಲು ನನಗೆ ಮನಸ್ಸಿರಲಿಲ್ಲ.

ಬೆನ್ನು ತೋರ್ಸು ಅಂದಿದ್ದರು ಆವತ್ತು ಪಂಚರು, ತಕರಾರು ಬಂದರೆ ಬೆನ್ನು ನೋಡುವುದು ವಾಡಿಕೆ, ಬಿದ್ದವನ ಎರಡೂ ಹೆಗಲಿನ ಮೇಲೆ ಮಣ್ಣು ದಪ್ಪಗೆ ಕೂತಿರುತ್ತದೆ, ಹಿಡಿತಕ್ಕೆ ಹತ್ತಿದ ಮಣ್ಣು ಬೇರೆ, ನೆಲದ ಮಣ್ಣು ಬೇರೆ, ಬಲ್ಲವರಿಗೆ ತಿಳಿಯುತ್ತದೆ. ನಾಲ್ಕು ಜನ ನನ್ನ ಬೆನ್ನಿನ ಹಿಂದೆ ನಿಂತು ನೋಡಿದರು, ಇಲ್ಲೇನ ಇಲ್ಲಲ್ಲೋ, ಬರೇ ಗೆರಿ ಅದಾವ, ಬಳ್ಳಿನ ಗೆರಿ. ಬೆರಳಿನ ಗೆರೆ. ಯಾರ ಬೆರಳು ಎಂದು ಅವರು ಕೇಳಲಿಲ್ಲ. ಸೀಟಿ ಊದಿದ ಕೂಡಲೇ ಮೌನೇಶ ಕೈ ಎತ್ತಿ ಕುಣಿಯಲಿಲ್ಲ, ಹಲಗಿ ಬಾರಿಸುವವರ ಕಡೆ ಓಡಲಿಲ್ಲ, ಬಗ್ಗಿ ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ, ಏಳ್ರಿ ಅಣ್ಣಾ, ಅಪ್ಪಿಕೊಂಡು ಬಲ ಅಂಗೈಯಿಂದ ನನ್ನ ಬೆನ್ನು ಕೊಡವಿದ, ಎಡ ಹೆಗಲು, ಬಲ ಹೆಗಲು, ಮತ್ತೆ ಎಡ. ಅವರ ಗರಡಿಯಲ್ಲಿ ಹಾಗೆ ಕಲಿಸುತ್ತಾರಂತೆ, ಬಿದ್ದ ಹಿರಿಯನನ್ನು ಬೆನ್ನಿನ ಮಣ್ಣಿನ ಸಮೇತ ಜನರ ನಡುವೆ ಕಳಿಸಬಾರದು ಎಂದು. ತಾನು ಗೆದ್ದದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ತಾನೇ ಒರೆಸಿ ಹಾಕಿದ ಹುಚ್ಚ, ಆಮೇಲಾದರೂ ನಾನೇ ಒರೆಸಿದ್ದು ಅನ್ನಬಹುದಿತ್ತು, ಇವತ್ತೂ ಅನ್ನುತ್ತಿಲ್ಲ, ಅಂದರೆ ನನ್ನನ್ನು ಸುಳ್ಳುಗಾರ ಅಂದಂತಾಗುತ್ತದೆ ಎಂದು ಸುಮ್ಮನಿದ್ದಾನೆ, ಎಷ್ಟು ಸಿಟ್ಟು ಬರುತ್ತದೆ ಇವನ ಮೇಲೆ, ಒಂದು ಸಲ ಬೈದರೆ ನನಗೂ ಸುಳ್ಳು ಹೇಳಲು ಧೈರ್ಯ ಬಂದೀತು. ಹೇಳ್ರಿ ಪೈಲ್ವಾನ್ರ, ಬರಕೋತೇನಿ, ಮಹಾಬಳೇಶ್ವರ ಪೆನ್ನು ಊರಿದರು. ಬಗ್ಗಿದೆ, ಮೊಣಕಾಲು ಕಟ್ ಅಂದಿತು, ಎಲ್ಲರಿಗೂ ಕೇಳಿಸಿರಬೇಕು, ಹಿಡಿ ಮಣ್ಣು ತಗೊಂಡೆ, ಹತ್ತಿಲ್ರಿ, ಹತ್ತಿಲ್ರಿ, ಮನಸ್ಸಿನಲ್ಲಿ ಎರಡು ಸಲ ಸಲೀಸಾಗಿ ಬಂತು — ಹತ್ತೈತ್ರಿ, ಅಂದೆ. ಎರಡೂ ಹೆಗಲು ಹತ್ಯಾವ, ಬೆನ್ನ ಮ್ಯಾಲಿನ ಮಣ್ಣು ಅಂವನ ಝಾಡಿಸಿದ. ವಸ್ತಾದರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋದರು, ಚಪ್ಪಲಿ ಮೆಟ್ಟುವ ಸದ್ದು, ಮಹಾಬಳೇಶ್ವರ ಬರೆದುಕೊಂಡು ಪೆನ್ನಿಗೆ ಟೋಪಿ ಹಾಕಿದರು, ಆತಲ್ರಿ, ಇನ್ನ ಮುಂದಿನ ವರ್ಷ ನೋಡೂಣು. ಮುಂದಿನ ವರ್ಷ ಏನೂ ಇಲ್ಲ, ಅದು ನನಗೂ ಗೊತ್ತು ಅವರಿಗೂ ಗೊತ್ತು, ನನ್ನ ಕುಸ್ತಿ ಮುಗಿಯಿತು, ಅಳು ಬರುತ್ತಿದೆ, ಬರಲಿ, ಮೌನೇಶ ಬೆಂಚಿನಿಂದ ಎದ್ದ, ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಜೋತು ಬಿಟ್ಟು ನಿಂತಿದ್ದಾನೆ, ಅವನ ಮುಖ ನೋಡಲಾಗದು, ಬಲಗೈ ಕಾಣುತ್ತಿದೆ, ಅಂಗೈ, ಅಗಲವಾದ ಅಂಗೈ, ಏಳ್ರಿ ಅಣ್ಣಾ, ಎಡ ಹೆಗಲು, ಬಲ ಹೆಗಲು, ಮತ್ತೆ ಎಡ, ಆ ಅಂಗೈ ಇನ್ನೂ ನನ್ನ ಬೆನ್ನಿನ ಮೇಲಿದೆ.